ವಾಯಿದೆ ತಪ್ಪಿದ್ದು ಯಾವ ಮಳೆಗೆ?

ಚಿತ್ರದುರ್ಗದಲ್ಲಿ ಸಮಾಜಕಾರ್ಯ ಪಾಠ ಮಾಡುತ್ತೇನೆ. ಎಂ.ಎಸ್.ಡಬ್ಲ್ಯೂ. ಓದುವ ಹುಡುಗ ಹುಡುಗಿಯರನ್ನು ಕೋರ್ಟು, ಜೈಲು, ಬಾಲನ್ಯಾಯ ಮಂಡಳಿ ಅಂತ ಕ್ಷೇತ್ರಕಾರ್ಯಕ್ಕೆ ಕಳಿಸಿ, ಅವರು ಬರೆದು ತಂದದ್ದನ್ನು ತಿದ್ದುವುದು ನನ್ನ ಕೆಲಸ. ಅಪರಾಧ ನ್ಯಾಯ ನನ್ನ ವಿಷಯ. ಹವಾಮಾನ ನ್ಯಾಯ, ಅಂದರೆ ಹವಾಮಾನ ಬದಲಾವಣೆಯ ಪೆಟ್ಟು ಬಡವರ ಮೇಲೇ ಹೆಚ್ಚು ಬೀಳುವ ಪ್ರಶ್ನೆ, ಆಮೇಲೆ ಸೇರಿಕೊಂಡಿತು. ಎರಡನ್ನೂ ಒಟ್ಟಿಗೆ ಹೇಳಿದರೆ ಇವಕ್ಕೇನು ನೆಂಟಸ್ತಿಕೆ ಅಂತ ನನ್ನ ಜೊತೆಗಾರರೇ ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರಿಗೆ ಇನ್ನೂ ಶಿಕ್ಷೆಯೇ ಆಗಿಲ್ಲ. 2022ರ ಸರ್ಕಾರಿ ಲೆಕ್ಕದಲ್ಲಿ ವಿಚಾರಣಾಧೀನ ಕೈದಿಗಳ ಪಾಲು ಶೇ 75.8. ಇವರಲ್ಲಿ ಜಾಮೀನು ಸಿಕ್ಕಿ ಹೊರಗೆ ಹೋಗಿ ಮತ್ತೆ ಒಳಗೆ ಬಂದವರೂ ಇರುತ್ತಾರೆ. ಯಾಕಪ್ಪಾ ಅಂದರೆ, "ವಾಯ್ದೆಗೆ ಬರ್ಲಿಲ್ಲ ಮೇಡಂ, ವಾರಂಟ್ ಆತು" ಅನ್ನುತ್ತಾರೆ. ವಾಯಿದೆ ಅಂದರೆ ಕೋರ್ಟಿಗೆ ಹಾಜರಾಗಬೇಕಾದ ದಿನ. ಯಾಕೆ ಬರಲಿಲ್ಲ? "ಗುಳೆ ಹೋಗಿದ್ವಿ."

ಚಳ್ಳಕೆರೆ, ಮೊಳಕಾಲ್ಮೂರು, ಪಕ್ಕದ ಜಗಳೂರು ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಶೇಂಗಾ ಕೈಕೊಟ್ಟರೆ ಮನೆಗೆ ಬೀಗ ಹಾಕಿ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಹೋಗುತ್ತಾರೆ. ಪೊಲೀಸರು ವಾರಂಟ್ ಹಿಡಿದು ಬಂದಾಗ ಬೀಗ ಕಾಣುತ್ತದೆ. ಊರಲ್ಲಿಲ್ಲ ಅಂತ ಬರೆದುಕೊಂಡು ಹೋಗುತ್ತಾರೆ. ಕಡತದಲ್ಲಿ ಅದು ಕೊನೆಗೆ 'ತಲೆಮರೆಸಿಕೊಂಡಿದ್ದಾನೆ' ಅಂತಾಗುತ್ತದೆ. ಜಾಮೀನಿನ ಮೇಲಿದ್ದವನು ಕೋರ್ಟಿಗೆ ಬರದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಂ ಪ್ರಕಾರ ಅದೇ ಬೇರೆ ಅಪರಾಧ, ಒಂದು ವರ್ಷದವರೆಗೆ ಜೈಲು. ಸಕಾರಣ ಇದ್ದರೆ ಅಪರಾಧವಲ್ಲ, ಸರಿ. ಆದರೆ ಆ ಕಾರಣವನ್ನು ಸಾಬೀತು ಮಾಡುವ ಹೊಣೆ ಅವನದೇ. ತೋಟದ ಕೂಲಿಗೆ ಹೋದವನ ಹತ್ತಿರ ಯಾವ ಚೀಟಿ ಇರುತ್ತದೆ ಹೇಳಿ?

ಒಬ್ಬ ಹುಡುಗನ ಪ್ರಕರಣದಲ್ಲಿ ನಾವು ಈ ಕಾರಣವನ್ನೇ ಕಟ್ಟಿಕೊಡಲು ಕೂತೆವು. ಬೋರ್‌ವೆಲ್ ಕೇಬಲ್ ಕದ್ದ ಆರೋಪ, ಚಳ್ಳಕೆರೆ ತಾಲ್ಲೂಕಿನವನು. ನನ್ನ ವಿದ್ಯಾರ್ಥಿನಿ ಅವನ ಮನೆಗೆ ಹೋಗಿ ತಾಯಿಯನ್ನು ಯಾವ ತಿಂಗಳು ಊರು ಬಿಟ್ರಿ ಅಂತ ಕೇಳಿದಳು. ತಿಂಗಳು ಆಕೆಯ ಬಾಯಲ್ಲಿ ಬರಲೇ ಇಲ್ಲ. "ಮಗೆ ಮಳೆ ಕೈಕೊಡ್ತು ಕಣಮ್ಮ. ದೀಪಾವಳಿ ಮುಗಿಸ್ಕಂಡು ಹೊಂಟ್ವಿ" ಅಂದರು. ನಾವೂ ಮಳೆ ಲೆಕ್ಕಕ್ಕೇ ಇಳಿದೆವು. ಒಂದು ದೊಡ್ಡ ಹಾಳೆ, ಮೂರು ಸಾಲು. ಮೇಲಿನ ಸಾಲಲ್ಲಿ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಅಂತ ಮಳೆಗಳು. ಯಾವುದು ಬಂತು, ಯಾವುದು ಬರಲಿಲ್ಲ. ನಡುವಿನ ಸಾಲಲ್ಲಿ ಮನೆಯ ಸಂಗತಿ: ಬಿತ್ತಿದ್ದು, ಕಾಯಿ ಕಟ್ಟುವ ಹೊತ್ತಿಗೆ ಬಳ್ಳಿ ಒಣಗಿದ್ದು, ಬೋರ್ ನಿಂತದ್ದು, ಎತ್ತು ಮಾರಿದ್ದು, ತೋಟಕ್ಕೆ ಹೋದದ್ದು. ಕೆಳಗೆ ಕೋರ್ಟಿನ ಆರ್ಡರ್ ಶೀಟ್ ನೋಡಿ ಬರೆದ ವಾಯಿದೆಗಳು. ಮಳೆಯ ಸಾಲನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿಗಳ ಜೊತೆ ತಾಳೆ ನೋಡಿದೆವು. ಅವರ ಮಳೆಮಾಪಕ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇದೆ, ಹಾಗಾಗಿ ಇದು ಬಾಯಿಮಾತು ಅಂತ ಯಾರೂ ತಳ್ಳಿಹಾಕುವಂತಿಲ್ಲ. ಹಾಳೆ ತುಂಬಿದ ಮೇಲೆ ವಾದ ಮಾಡುವುದಕ್ಕೆ ಹೆಚ್ಚೇನೂ ಉಳಿಯಲಿಲ್ಲ. ಊರಲ್ಲಿದ್ದಷ್ಟು ಕಾಲ ಒಂದು ವಾಯಿದೆಯನ್ನೂ ಬಿಟ್ಟಿರಲಿಲ್ಲ. ತಪ್ಪಿದ್ದೆಲ್ಲ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ.

ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. 'ಬರದಿಂದಾಗಿ ಕಳ್ಳತನಕ್ಕೆ ಇಳಿದ' ಅಂತ ವಿದ್ಯಾರ್ಥಿಗಳು ಕನಿಕರದಿಂದ ಬರೆದುಬಿಡುತ್ತಾರೆ. ನಾನು ಹೊಡೆದು ಹಾಕುತ್ತೇನೆ. ಕದ್ದನೋ ಇಲ್ಲವೋ ಇನ್ನೂ ತೀರ್ಮಾನವೇ ಆಗಿಲ್ಲ. ಅದೇ ಬರದಲ್ಲಿ ಕದಿಯದೆ ಬದುಕಿದವರು ಊರ ತುಂಬ ಇದ್ದಾರೆ. ಬಡವರು, ಊರೂರು ತಿರುಗುವವರು ಕಳ್ಳರು ಅನ್ನುವ ಗುಮಾನಿಗೆ ಈ ನೆಲದಲ್ಲಿ ಹಳೇ ಬೇರಿದೆ. ಕೆಲವು ಸಮುದಾಯಗಳನ್ನು ಇಡಿಯಾಗಿ ಹುಟ್ಟು ಅಪರಾಧಿಗಳು ಅಂದ, 1871ರಲ್ಲಿ ಬಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ರದ್ದಾಗಿದ್ದು 1952ರಲ್ಲಿ, ಗುಮಾನಿ ಮಾತ್ರ ಇನ್ನೂ ಹೋಗಿಲ್ಲ. ನಮ್ಮ ವರದಿ ಅದಕ್ಕೆ ನೀರೆರೆಯಬಾರದು. ಅವನು ಎಲ್ಲಿದ್ದ, ಯಾಕಿದ್ದ, ಮುಂದೆ ಬರುತ್ತಾನಾ, ಇಷ್ಟೇ ನಮ್ಮ ಕೆಲಸ.

ಮುಂದಿನ ತೊಡಕು ಜಾಮೀನುದಾರರು. ಜಾಮೀನಿಗೆ ನಿಲ್ಲುವವರ ಪಹಣಿ, ಅಂದರೆ ಜಮೀನಿನ ದಾಖಲೆ, ತನ್ನಿ ಅಂತ ಕೋರ್ಟಿನಲ್ಲಿ ಕೇಳುತ್ತಾರೆ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿರುವುದಿಲ್ಲ. ಮಂಜೂರಾತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನು, ಅಂದರೆ ಬಗರ್‌ಹುಕುಂ ಆದರೆ ಅದೂ ಇಲ್ಲ. ಪಹಣಿ ಇರುವ ನೆಂಟರೂ ಗುಳೆ ಹೋಗಿರುತ್ತಾರೆ. ಗಾರೆ ಕೆಲಸದ ಮೋತಿರಾಮ್‌ಗೆ ಹತ್ತು ಸಾವಿರದ ಜಾಮೀನು ಕೇಳಿ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಅವನ ಸಹೋದರನನ್ನು ಒಪ್ಪದೇ ಹೋದದ್ದನ್ನು ಸುಪ್ರೀಂ ಕೋರ್ಟ್ 1978ರಲ್ಲೇ ತರಾಟೆಗೆ ತೆಗೆದುಕೊಂಡಿತ್ತು. ಅದೇ ಕೋರ್ಟಿನ 2023ರ ಜನವರಿ 31ರ ಆದೇಶ ನಮಗೆ ಇನ್ನೂ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಜಾಮೀನು ಮಂಜೂರಾಗಿ ಒಂದು ತಿಂಗಳಾದರೂ ಷರತ್ತು ಪೂರೈಸಲಾಗದಿದ್ದರೆ, ಅದನ್ನು ಸಡಿಲಿಸಬಹುದೇ ಅಂತ ಕೋರ್ಟ್ ತಾನಾಗಿಯೇ ನೋಡಬಹುದು. ನಮ್ಮ ಮೂರು ಸಾಲಿನ ಹಾಳೆಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ಕೊಟ್ಟಿದ್ದು ಈ ಹಂತದಲ್ಲಿ. ಹುಡುಗ ಸ್ವಂತ ಮುಚ್ಚಳಿಕೆ ಮತ್ತು ಒಬ್ಬ ಜಾಮೀನುದಾರನ ಮೇಲೆ ಹೊರಬಂದ.

ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವುದು ಹಕ್ಕು ಅಂತ ಸುಪ್ರೀಂ ಕೋರ್ಟ್ 2024ರ ರಂಜಿತ್‌ಸಿನ್ಹ್ ತೀರ್ಪಿನಲ್ಲಿ ಹೇಳಿದೆ. ಕ್ಲಾಸಿನಲ್ಲಿ ಚೆನ್ನಾಗಿರುತ್ತದೆ. ತಾಲ್ಲೂಕು ಕೋರ್ಟಿನಲ್ಲಿ ನನಗೆ ಬೇಕಾಗುವುದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ. ಪ್ರವಾಹ, ಬರ, ಭೂಕಂಪಕ್ಕೆ ಸಿಕ್ಕವರಿಗೂ ಉಚಿತ ವಕೀಲರು ಅಂತ ಅದರಲ್ಲೇ ಬರೆದಿದೆ. ಒಳಗಿರುವವನಿಗೆ ಕೈದಿ ಅಂತಲೇ ವಕೀಲರು ಸಿಗುತ್ತಾರೆ. ಹೊರಗೆ ಬಂದ ಮೇಲೆ ಈ 'ಬರ' ಅನ್ನುವ ಪದ ಕೆಲಸಕ್ಕೆ ಬರುತ್ತದೆ. 2022ರಲ್ಲಿ ನಮ್ಮ ಜಿಲ್ಲೆಯ ಮಾರಿಕಣಿವೆ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತು, ಎಲ್ಲರೂ ನೋಡಲು ಹೋಗಿದ್ದೇ ಹೋಗಿದ್ದು. ಮರುವರ್ಷ ರಾಜ್ಯದ 223 ತಾಲ್ಲೂಕು ಬರಪೀಡಿತ! ಆ ಸರ್ಕಾರಿ ಘೋಷಣೆಯ ಪ್ರತಿಯನ್ನು ಈಗ ನಮ್ಮ ಅರ್ಜಿಗೆ ಲಗತ್ತಿಸುತ್ತೇವೆ.

ದಾವಣಗೆರೆ ಕಡೆ ಕಥೆ ಬೇರೆ. ಅಲ್ಲಿ ಭದ್ರಾ ನಾಲೆಯ ಕೊನೆ ಭಾಗಕ್ಕೆ ನೀರು ತಲುಪದ ಜಗಳ, ನಾಲೆಗೆ ಪಂಪ್‌ಸೆಟ್ ಇಟ್ಟ ಕೇಸು. ಅದು ನನ್ನ ಕೈಗೆ ಇನ್ನೂ ಪೂರ್ತಿ ಬಂದಿಲ್ಲ.

ಈಗ ದೀಪಾವಳಿಗೆ ಮುಂಚೆಯೇ ಒಂದು ಸುತ್ತು ಹಾಕಿಸುತ್ತೇನೆ. ಕೇಸು ಇರುವ ಮನೆಗಳಲ್ಲಿ ಯಾರು ಗುಳೆ ಹೋಗುತ್ತಿದ್ದಾರೆ, ಯಾವ ತೋಟ, ಮೇಸ್ತ್ರಿಯ ಫೋನ್ ನಂಬರ್ ಯಾವುದು ಅಂತ ಬರೆದು ವಕೀಲರಿಗೆ ಕೊಡುತ್ತೇವೆ. ವಕೀಲರಿದ್ದರೆ ಹಾಜರಾತಿಗೆ ವಿನಾಯಿತಿ ಕೇಳಬಹುದು. ಕ್ರಿಮಿನಲ್ ವಿಚಾರಣೆಯ ಕ್ರಮ ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 355ನೇ ಕಲಮಿನಲ್ಲಿ ವಿಡಿಯೊ ಮೂಲಕ ಬಂದರೂ ಹಾಜರಿ ಅಂತಲೇ ಲೆಕ್ಕ. ತೋಟದ ಲೈನ್‌ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಅನ್ನುವುದು ಸದ್ಯದ ತಲೆನೋವು. ವಾಯಿದೆ ದಿನ ಹತ್ತಿರದ ಪೇಟೆಗೆ ಬರಲು ಮೇಸ್ತ್ರಿ ಅರ್ಧ ದಿನ ರಜೆ ಕೊಡುತ್ತಾನಾ ಅಂತ ಮೊದಲೇ ಕೇಳಿಟ್ಟುಕೊಳ್ಳುತ್ತಿದ್ದೇವೆ. ಕೆಲವರು ಕೊಡುತ್ತಾರೆ, ಕೂಲಿ ಹಿಡಿದುಕೊಂಡು.