ಅಟ್ಟದ ಮೇಲಿನ ಕಾಯಿ, ಹುಂಡಿಯೊಳಗಿನ ಕಾಸು

2022ರ ಜೂನ್‌ನಲ್ಲಿ ನಮ್ಮ ಶಾಲೆಯ ಆರು, ಏಳನೇ ತರಗತಿಯ 27 ಮಕ್ಕಳಿಗೆ ತಲಾ ಒಂದು ಮಣ್ಣಿನ ಹುಂಡಿ ಕೊಟ್ಟೆ. ಸಂತೆಯಲ್ಲಿ 25 ರೂಪಾಯಿ ಹೇಳಿದ್ದನ್ನು ಚೌಕಾಸಿ ಮಾಡಿ 20ಕ್ಕೆ ತಂದಿದ್ದೆ. ಬೋರ್ಡ್ ಮೇಲೆ ‘ಹನಿ ಹನಿ ಗೂಡಿದರೆ ಹಳ್ಳ’ ಅಂತ ಬರೆದೆ. ಮಕ್ಕಳು ಅದನ್ನು ಅಂದವಾಗಿ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ದಸರಾ ರಜೆ ಮುಗಿದ ಮೇಲೆ ಎಲ್ಲರೂ ಹುಂಡಿ ತನ್ನಿ, ಇಲ್ಲೇ ಒಡೆದು ಎಣಿಸೋಣ ಅಂದೆ.

ರಜೆ ಮುಗೀತು. ಹುಂಡಿ ತಂದವರು ಒಂಬತ್ತು ಜನ. ಉಳಿದವರು ತಲೆ ತಗ್ಗಿಸಿ ಕೂತಿದ್ದರು. ಎಲ್ಲ ಅಂಗಡಿ ತಿಂಡಿಗೆ ಹೋಗಿರುತ್ತೆ ಅಂದುಕೊಂಡು ನಾನು ಬೈಯೋಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿ ಮೆಲ್ಲಗೆ ಹೇಳಿದಳು, “ಅಮ್ಮ ಸಂಘದ ಕಂತಿಗೆ ತಗೊಂಡ್ರು ಮಿಸ್. ಮಂಗಳವಾರ ಕಟ್ಟಲೇಬೇಕಿತ್ತು.” ಇನ್ನೊಬ್ಬನ ಅಪ್ಪ ಪೆಟ್ರೋಲಿಗೆ ತಗೊಂಡಿದ್ದರು. ಮತ್ತೊಬ್ಬಳದು ಅಜ್ಜಿಯ ಮಾತ್ರೆಗೆ ಹೋಗಿತ್ತು. ವಿಚಾರಿಸ್ತಾ ಹೋದರೆ ಮಕ್ಕಳೇ ಖರ್ಚು ಮಾಡಿದ್ದು ಮೂರೋ ನಾಲ್ಕೋ ಹುಂಡಿ ಮಾತ್ರ. ಉಳಿದದ್ದೆಲ್ಲ ದೊಡ್ಡವರು ತೆಗೆದದ್ದು. “ಆಮೇಲೆ ಹಾಕ್ತೀನಿ” ಅಂತ ಹೇಳಿ ತೆಗೆದದ್ದು.

ಆವತ್ತು ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ಇದ್ದಕ್ಕಿದ್ದಂತೆ ನೆನಪಾಯಿತು. ಗ್ಯಾಸ್ ಸಿಲಿಂಡರ್ ಬಂದಾಗ ಕೈಲಿ ಚಿಲ್ಲರೆ ಇಲ್ಲ ಅಂತ ನಾನೂ ನನ್ನ ಮಗಳ ಡಬ್ಬಿಯಿಂದ 600 ರೂಪಾಯಿ ತೆಗೆದಿದ್ದೆ. ಎರಡು ತಿಂಗಳಾಗಿತ್ತು. ವಾಪಸ್ ಹಾಕಿರಲಿಲ್ಲ. ಅವಳು ಕೇಳಿರಲೂ ಇಲ್ಲ. ಆದರೆ ಆಮೇಲೆ ಆ ಡಬ್ಬಿಗೆ ಒಂದು ರೂಪಾಯಿಯೂ ಬಿದ್ದಿರಲಿಲ್ಲ. ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಊರ ಮಕ್ಕಳಿಗೆಲ್ಲ ಉಳಿತಾಯದ ಪಾಠ ಹೇಳೋಕೆ ಹೊರಟ ಗಣಿತದ ಮೇಡಂ ನಾನು!

ರಾತ್ರಿ 600 ರೂಪಾಯಿ ಹಾಕಿದೆ. ಒಂದು ನಿಯಮವನ್ನೂ ಮಾಡಿಕೊಂಡೆವು. ಡಬ್ಬಿಯಿಂದ ಯಾರು ದುಡ್ಡು ತೆಗೆದರೂ ಅದರೊಳಗೆ ಒಂದು ಚೀಟಿ ಹಾಕಬೇಕು. ಹೆಸರು, ಎಷ್ಟು, ಯಾವತ್ತು ವಾಪಸ್. ಡಬ್ಬಿಯ ಯಜಮಾನಿ ‘ಬೇಡ’ ಅಂದರೆ ಬೇಡ. ಮುಂದೆ ಶಾಲೆಯಲ್ಲಿ ಮಾಡಿದ್ದಕ್ಕೆಲ್ಲ ಈ ಚೀಟಿಯೇ ಶುರು. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಎರಡನೇ ಸಲ ಬೇರೆ ದಾರಿ ಹಿಡಿದೆ. ಮಕ್ಕಳ ದುಡ್ಡನ್ನು ಶಾಲೆಯಲ್ಲೇ ಇಟ್ಟು ಒಂದು ಪುಟ್ಟ ಬ್ಯಾಂಕ್ ನಡೆಸೋಣ ಅಂತ ನನ್ನ ಯೋಚನೆ. ನಮ್ಮ ಮುಖ್ಯ ಶಿಕ್ಷಕರು ಒಪ್ಪಲಿಲ್ಲ. “ನಾಳೆ ಹತ್ತು ರೂಪಾಯಿ ಕಮ್ಮಿ ಬಂದ್ರೆ ಯಾರು ಉತ್ತರ ಹೇಳೋದು ಮೇಡಂ?” ಅಂದರು. ಆಗ ಬೇಜಾರಾಯಿತು, ಆದರೆ ಅವರು ಹೇಳಿದ್ದೇ ಸರಿ. ಬೇರೆಯವರ ಮಕ್ಕಳ ದುಡ್ಡು ಮುಟ್ಟಬಾರದು. ಹಾಗಾಗಿ ದುಡ್ಡು ಮನೆಯಲ್ಲೇ ಇರಲಿ, ಲೆಕ್ಕ ಮಾತ್ರ ಶಾಲೆಯಲ್ಲಿ ಇರಲಿ ಅಂತ ಮಾಡಿದೆವು. ಪ್ರತಿ ಶುಕ್ರವಾರ ಕೊನೇ ಪೀರಿಯಡ್‌ನಲ್ಲಿ ನಾನು ಒಂದು ಉದ್ದ ರಿಜಿಸ್ಟರ್ ಹಿಡಿದು ಒಬ್ಬೊಬ್ಬರ ಹತ್ತಿರ ಹೋಗ್ತೀನಿ. ಈ ವಾರ ಎಷ್ಟು ಬಂತು, ಎಷ್ಟು ಹೋಯಿತು, ಡಬ್ಬಿಯಲ್ಲಿ ಎಷ್ಟಿದೆ, ಚೀಟಿ ಎಷ್ಟಿವೆ. ಮಕ್ಕಳು ನನಗೆ ‘ಪಿಗ್ಮಿ ಮಿಸ್’ ಅಂತ ಹೆಸರಿಟ್ಟರು.

ಹೆಸರು ಚೆನ್ನಾಗಿಯೇ ಇದೆ. ಪಿಗ್ಮಿ ಅನ್ನೋ ದಿನದ ಉಳಿತಾಯ ಯೋಜನೆ ಹುಟ್ಟಿದ್ದು ನಮ್ಮ ಕರ್ನಾಟಕದಲ್ಲೇ. 1928ರಲ್ಲಿ, ಉಡುಪಿಯಲ್ಲಿ. ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ ಶುರು ಮಾಡಿದ್ದು. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟರು ಮನೆ ಬಾಗಿಲಿಗೆ ಬಂದು ತಗೊಂಡು ಹೋಗೋರು. ಅದರ ಗುಟ್ಟೆಲ್ಲ ಆ ಬಾಗಿಲಿಗೆ ಬರೋದರಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಯಾರೋ ಒಬ್ಬರು ಬಂದು ಕೇಳ್ತಾರೆ ಅಂತ ಗೊತ್ತಿದ್ದರೆ ಕೈ ತಾನಾಗಿ ಸ್ವಲ್ಪ ಬಿಗಿಯಾಗುತ್ತೆ.

ಡಬ್ಬಿಯನ್ನು ಮೂರು ಭಾಗ ಮಾಡಿ, ಒಂದು ಖರ್ಚಿಗೆ, ಒಂದು ಉಳಿತಾಯಕ್ಕೆ, ಒಂದು ದಾನಕ್ಕೆ ಅನ್ನೋದನ್ನೂ ಮಾಡಿ ನೋಡಿದೆ. ನಮ್ಮ ಮಕ್ಕಳಿಗೆ ಹೊಂದಲಿಲ್ಲ. ಅವರಿಗೆ ತಿಂಗಳಿಗಿಷ್ಟು ಅಂತ ಪಾಕೆಟ್ ಮನಿ ಎಲ್ಲಿ ಬರಬೇಕು? ಊರಿಗೆ ಬಂದ ಮಾವ ಹೊರಡುವಾಗ 100 ಕೊಡ್ತಾರೆ, ಜಾತ್ರೆಗೆ 50 ಸಿಗುತ್ತೆ, ಅಂಗಡಿಗೆ ಹೋಗಿ ಬಂದರೆ ಚಿಲ್ಲರೆ ಉಳಿಯುತ್ತೆ. ಮಳೆ ಬಂದ ಹಾಗೆ ಬರುತ್ತೆ, ನಿಂತ ಹಾಗೆ ನಿಲ್ಲುತ್ತೆ. ಹಾಗಾಗಿ ಬಂದ ದಿನವೇ ಅರ್ಧ ಡಬ್ಬಿಗೆ ಅನ್ನುವ ಒಂದೇ ಮಾತು ಉಳಿಸಿಕೊಂಡೆ. ಉಳಿದರ್ಧ ಅವರಿಷ್ಟ. ಒಬ್ಬ ಹುಡುಗ ತಿಂಗಳಲ್ಲಿ 22 ಸಲ ಐದು ರೂಪಾಯಿಯ ಕುರುಕಲು ತಿಂಡಿ ತಗೊಂಡಿದ್ದ. ಅವನ ಕೈಯಲ್ಲೇ ಲೆಕ್ಕ ಮಾಡಿಸಿದೆ. 110 ಬಂತು. ಒಂದು ಕ್ಷಣ ಅದನ್ನೇ ನೋಡಿ ಹೇಳಿದ, “ಆದ್ರೆ ಚೆನ್ನಾಗಿರುತ್ತಲ್ಲ ಮಿಸ್.” ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಚೆನ್ನಾಗಿಯೇ ಇರುತ್ತೆ.

ಲಾಭ ಅಂದರೆ ಏನು ಅಂತ ಕಲಿಸಿದ್ದು ಮಾತ್ರ ನಾನಲ್ಲ, ಶಾಲೆಯ ಮಕ್ಕಳ ಸಂತೆ. ಸರ್ಕಾರಿ ಶಾಲೆಗಳಲ್ಲಿ ಈ ಸಂತೆ ಅಥವಾ ಮೆಟ್ರಿಕ್ ಮೇಳ ಮಾಡ್ತಾರಲ್ಲ, ಅದೇ. ಇಬ್ಬರು ಹುಡುಗಿಯರು ನಿಂಬೆ ಪಾನಕ ಮಾರಿದರು. ಲೋಟಕ್ಕೆ 5 ರೂಪಾಯಿ, 34 ಲೋಟ, ಒಟ್ಟು 170. ಪೇಪರ್ ಲೋಟಕ್ಕೆ 30 ಖರ್ಚು. “140 ಲಾಭ ಮಿಸ್!” ಅಂತ ಕುಣಿದಾಡಿದರು. ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯೋ ಹೊತ್ತಿಗೆ ಅವರಲ್ಲೊಬ್ಬಳ ತಾಯಿ ಗೇಟಿನ ಹತ್ತಿರ ನಿಂತಿದ್ದರು. “ಮೇಡಂ, ನಮ್ಮನೇಲಿ ಒಂದು ಕೆಜಿ ಸಕ್ಕರೆ ಕಾಣ್ತಿಲ್ಲ.”

ಅವರನ್ನು ಹಾಗೇ ತರಗತಿಗೆ ಕರೆದುಕೊಂಡು ಬಂದೆ. ಬೋರ್ಡ್ ಮೇಲೆ ಲೆಕ್ಕ ಮತ್ತೆ ಶುರುವಾಯಿತು. ಸಕ್ಕರೆ 45. ನಿಂಬೆಹಣ್ಣು ಹಿತ್ತಲಿನ ಗಿಡದ್ದು, ಅದಕ್ಕೆ ದುಡ್ಡಿಲ್ಲ ಅಂತ ಹುಡುಗಿಯರು ವಾದ ಮಾಡಿದರು. “ಅದನ್ನೇ ಅಂಗಡಿಗೆ ಹಾಕಿದ್ರೆ ಮೂರು ರೂಪಾಯಿ ಕೊಡ್ತಿದ್ರು ಕಣೇ” ಅಂದರು ತಾಯಿ. 20 ಹಣ್ಣು, 60 ರೂಪಾಯಿ. 140ರಲ್ಲಿ 105 ಹೋಯಿತು, ಉಳಿದದ್ದು 35. ಇಬ್ಬರಿಗೆ ಹಂಚಿದರೆ ತಲಾ ಹದಿನೇಳೂವರೆ. ಕ್ಲಾಸೆಲ್ಲ ನಕ್ಕಿತು. ಆ ಇಬ್ಬರು ಮಾತ್ರ ನಗಲಿಲ್ಲ. ಮುಂದಿನ ವರ್ಷ ಪಾನಕದ ಬೆಲೆ 10 ರೂಪಾಯಿ ಮಾಡಿದರು, ಲೋಟ ಮಾತ್ರ ಸ್ವಲ್ಪ ಚಿಕ್ಕದಾಯಿತು. ಪಕ್ಕಾ ವ್ಯಾಪಾರಸ್ಥರು.

ಡಬ್ಬಿಯಲ್ಲಿ 500 ಆದವರನ್ನು ಪೋಸ್ಟ್ ಆಫೀಸಿಗೆ ಕರೆದುಕೊಂಡು ಹೋಗ್ತೀವಿ. ಅಲ್ಲಿ ಉಳಿತಾಯ ಖಾತೆಗೆ ಕನಿಷ್ಠ 500 ಬೇಕು. ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಹೆಸರಲ್ಲೇ ಖಾತೆ ತೆರೆದು, ತಾವೇ ನಡೆಸಬಹುದು. ಇದು ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತೇ ಇರಲಿಲ್ಲ. ಅರ್ಜಿಗಿಂತ ದೊಡ್ಡ ತಲೆನೋವು ಸಹಿಯದು. ಒಂದೊಂದು ಸಲ ಒಂದೊಂದು ಥರ ಹಾಕಿದರೆ ಆಗಲ್ಲ ಅಂದಿದ್ದಕ್ಕೆ ಒಂದು ವಾರ ಎಲ್ಲರ ನೋಟ್‌ಬುಕ್ ತುಂಬ ಸಹಿಯೇ ಸಹಿ. ಒಬ್ಬ ಹೆಸರಿನ ಕೆಳಗೆ ಎರಡು ಗೆರೆ, ಮೂರು ಚುಕ್ಕೆ ಇಟ್ಟುಕೊಂಡಿದ್ದ. ಪೋಸ್ಟ್ ಮಾಸ್ಟರ್ ಕನ್ನಡಕ ಮೇಲೆ ಮಾಡಿ, “ಚುಕ್ಕೆ ಒಂದೇ ಸಾಕಲ್ವೇನಪ್ಪಾ?” ಅಂದರು.

ಪಾಸ್‌ಬುಕ್ ಬಂದ ಮೇಲೆ ಬಡ್ಡಿ ಲೆಕ್ಕ. ಉಳಿತಾಯ ಖಾತೆಗೆ ವರ್ಷಕ್ಕೆ ನೂರಕ್ಕೆ 4. ಅಂದರೆ 500ಕ್ಕೆ 20 ರೂಪಾಯಿ. “ವರ್ಷಕ್ಕೆ ಇಪ್ಪತ್ತೇನಾ?” ಅಂತ ಮುಖ ಸಪ್ಪೆ ಮಾಡಿದರು. ಸರಿ, ಅದನ್ನೇ ತಿರುಗಿಸಿ ಹಾಕೋಣ ಅಂದೆ. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ. 500ಕ್ಕೆ ತಿಂಗಳಿಗೆ 15, ವರ್ಷಕ್ಕೆ 180. ಬೋರ್ಡ್ ಮೇಲೆ 20, 180 ಎರಡನ್ನೂ ಅಕ್ಕಪಕ್ಕ ಬರೆದೆ. “ಅಷ್ಟೊಂದು ಯಾರು ಮಿಸ್ ಕೊಡ್ತಾರೆ?” ಅಂತ ಒಬ್ಬಳು ಕೇಳಿದಳು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ತಲೆ ಎತ್ತದೆ, “ನಮ್ಮಪ್ಪ ಕೊಡ್ತಾರೆ” ಅಂದ. ಯಾರೂ ಮಾತಾಡಲಿಲ್ಲ. ನಾನೂ ಬೋರ್ಡ್ ಒರೆಸಿ ಬೇರೆ ಲೆಕ್ಕಕ್ಕೆ ಹೋದೆ. ಮನೆಯ ಸಾಲವನ್ನು ಉದಾಹರಣೆ ಮಾಡಬಾರದಿತ್ತೇನೋ ಅಂತ ಈಗಲೂ ಒಮ್ಮೊಮ್ಮೆ ಅನ್ನಿಸುತ್ತೆ.

ಮೂರು ದಿನಕ್ಕೆ ಆ ಅಪ್ಪನೇ ಶಾಲೆಗೆ ಬಂದರು. ಜಗಳಕ್ಕೇ ಬಂದಿದ್ದಾರೆ ಅಂದುಕೊಂಡೆ. ಬಂದವರು ಚಪ್ಪಲಿ ಹೊರಗೆ ಬಿಟ್ಟು, ಮಗನ ನೋಟ್‌ಬುಕ್ ತೆಗೆದು, “ಈ ಲೆಕ್ಕ ನನಗೂ ಒಂದ್ಸಲ ಹೇಳಿ ಮೇಡಂ” ಅಂದರು. 20,000 ಸಾಲ. ತಿಂಗಳಿಗೆ 600 ಬಡ್ಡಿ. ಎರಡೂವರೆ ವರ್ಷದಿಂದ ಕಟ್ತಾ ಇದ್ದರು. ಅಂದರೆ ಬಡ್ಡಿಯೇ 18,000, ಅಸಲು ಹಾಗೇ ಇತ್ತು. ಆಮೇಲೆ ಅವರು ಹೇಳಿದ ಒಂದು ಮಾತನ್ನು ನಾನು ಎಲ್ಲ ಸಭೆಯಲ್ಲೂ ಹೇಳ್ತೀನಿ. “ರಾತ್ರಿ ಹನ್ನೆರಡು ಗಂಟೇಲಿ ಅವ್ವನ್ನ ಆಸ್ಪತ್ರೆಗೆ ಸೇರಿಸಬೇಕಾದಾಗ ಯಾವ ಬ್ಯಾಂಕೂ ಬಾಗಿಲು ತೆಗೀಲಿಲ್ಲ ಮೇಡಂ. ಆ ಯಪ್ಪ ಎದ್ದು ಬಂದು ಕೊಟ್ಟ.”

ಬಡ್ಡಿ ಕೊಡೋರನ್ನು ಪೆದ್ದರು ಅಂದುಕೊಂಡು ಪಾಠ ಮಾಡೋದನ್ನು ಆವತ್ತಿಗೆ ನಿಲ್ಲಿಸಿದೆ. ಅವರಿಗೆ ಬೇಕಾಗಿದ್ದದ್ದು ಉಪದೇಶ ಅಲ್ಲ, ರಾತ್ರಿ ಹನ್ನೆರಡಕ್ಕೆ ಕೈಗೆ ಸಿಗೋ ಎರಡು ಮೂರು ಸಾವಿರ, ಆಮೇಲೆ ಸ್ವಲ್ಪ ದಿನ ಕಾಯೋ ತಾಕತ್ತು.

ಕಾಯೋದು ಅಂದರೆ ಏನು ಅಂತ ನಮ್ಮ ತಿಪಟೂರು ಸೀಮೆಯವರಿಗೆ ಬೇರೆ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಉಂಡೆ ಕೊಬ್ಬರಿ ಆಗೋದೇ ಕಾದು ಕಾದು. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನೋಕೆ ಹತ್ತು ಹನ್ನೊಂದು ತಿಂಗಳು ಬೇಕು. ತಾಯಂದಿರ ಸಭೆಯಲ್ಲಿ ನಾನು ಒಂದೇ ಸಲ ಇಡುವ ಎಫ್‌ಡಿ, ತಿಂಗಳು ತಿಂಗಳು ಕಟ್ಟುವ ಆರ್‌ಡಿ ಅಂತೆಲ್ಲ ವಿವರಿಸ್ತಾ ಇದ್ದೆ. ಮೊಮ್ಮಗಳ ಜೊತೆ ಬಂದಿದ್ದ ಅಜ್ಜಿಯೊಬ್ಬರು ನಡುವೆ ಬಾಯಿ ಹಾಕಿದರು. “ಅಂಗಳದಾಗಿರೋ ಕಾಯಿ ಯಾರು ಕೇಳಿದ್ರೂ ಕೊಟ್ಟುಬಿಡ್ತೀವಿ ಕಣವ್ವಾ. ಅಟ್ಟಕ್ಕೆ ಹಾಕಿದ ಕಾಯಿ ಯಾರೂ ಕೇಳಾಕಿಲ್ಲ, ನಾವೂ ಇಳಿಸಾಕಿಲ್ಲ. ನೀ ಹೇಳ್ತಿರೋದು ಅದೇ ತಾನೆ?”

ಅದೇ. ಆವತ್ತಿನಿಂದ ನನ್ನ ಪಾಠ ಪೂರ್ತಿ ಅವರ ಭಾಷೆಗೆ ಬಂತು. ಸಾಸಿವೆ ಡಬ್ಬಿಯ ದುಡ್ಡು ಎಳನೀರು. ಕೊಯ್ದ ಕೂಡಲೇ ಕಾಸು. ಅದೇ ರಾತ್ರಿ ಹನ್ನೆರಡರ ದುಡ್ಡು. ಉಳಿತಾಯ ಖಾತೆಯದು ಅಂಗಳದ ಕಾಯಿ. ಆರ್‌ಡಿ ಅಟ್ಟದ ಕಾಯಿ. 2023ರ ಆಗಸ್ಟ್‌ನಲ್ಲಿ ಮನೆಯೊಡತಿಗೆ ಸರ್ಕಾರ ದುಡ್ಡು ಕೊಡುವ ಗೃಹಲಕ್ಷ್ಮಿ ಶುರುವಾದ ಮೇಲೆ ತಿಂಗಳ 2,000ದಲ್ಲಿ 500 ಅಟ್ಟಕ್ಕೆ ಹಾಕಿ ಅಂತ ಹೇಳೋದು ಸುಲಭವಾಯಿತು. ಪೋಸ್ಟ್ ಆಫೀಸ್ ಆರ್‌ಡಿ ಐದು ವರ್ಷದ್ದು, ಬಡ್ಡಿ 6.7. ತಿಂಗಳಿಗೆ 500ರಂತೆ ಕಟ್ಟೋದು 30,000, ಕೈಗೆ ಬರೋದು ಸುಮಾರು 35,680. ಒಂದು ವರ್ಷ ತಪ್ಪದೆ ಕಟ್ಟಿದರೆ ಅದರ ಮೇಲೆ ಅರ್ಧದವರೆಗೆ ಸಾಲವೂ ಸಿಗುತ್ತೆ. ಹತ್ತು ವರ್ಷದೊಳಗಿನ ಹೆಣ್ಣುಮಕ್ಕಳಿದ್ದರೆ ಸುಕನ್ಯಾ ಸಮೃದ್ಧಿ ಇನ್ನೂ ಒಳ್ಳೇದು. ವರ್ಷಕ್ಕೆ 250 ಕಟ್ಟಿದರೂ ಖಾತೆ ನಡೆಯುತ್ತೆ, ಬಡ್ಡಿ 8.2.

ಅಟ್ಟದ ಹೋಲಿಕೆಯಲ್ಲಿ ಒಂದು ಕೊರತೆ ಇದೆ, ಅದನ್ನು ಹಿಡಿದವನೂ ಒಬ್ಬ ಹುಡುಗನೇ. “ಕೊಬ್ಬರಿ ರೇಟು ಬಿದ್ದೋಗುತ್ತಲ್ಲ ಮಿಸ್?” ನಿಜ. 2023ರಲ್ಲಿ ಕ್ವಿಂಟಲಿಗೆ 11,750 ಬೆಂಬಲ ಬೆಲೆ ಇದ್ದರೂ ಪೇಟೆಯಲ್ಲಿ ಅದಕ್ಕಿಂತ ತುಂಬ ಕೆಳಗೆ ಹೋಗಿತ್ತು. 2025ರಲ್ಲಿ 20,000 ದಾಟಿತು. ಪೋಸ್ಟ್ ಆಫೀಸಿನ ಅಟ್ಟದಲ್ಲಿ ಹಾಗೆ ಬೀಳೋದೂ ಇಲ್ಲ, ಹಾಗೆ ಏರೋದೂ ಇಲ್ಲ ಅಂದೆ. ಆದರೆ ಆ ಪ್ರಶ್ನೆಯಿಂದ ಇನ್ನೊಂದು ಮಾತು ಬಂತು. 2023ರಲ್ಲಿ ಖರೀದಿ ಕೇಂದ್ರದಲ್ಲಿ ಹೆಸರು ಬರೆಸಿ ಸರದಿಗೆ ಕಾದವರಿಗೆ ಬೆಂಬಲ ಬೆಲೆ ಸಿಕ್ಕಿತು. ಯಾರ ಮನೆಯಲ್ಲಿ ಕಾಯೋಕೆ ಆಗಲಿಲ್ಲ ಅಂತ ಕೇಳಿದೆ. ಮಕ್ಕಳಿಗೆ ಉತ್ತರ ಗೊತ್ತಿತ್ತು. ಬಡ್ಡಿ ಕಟ್ಟುವ ಮನೆಗಳಲ್ಲಿ.

ಆ 20,000 ಸಾಲದವರು ಹೆಂಡತಿಯ ಓಲೆ ಅಡ ಇಟ್ಟು ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ 10,000 ತಂದು ಅರ್ಧ ತೀರಿಸಿದ್ದಾರೆ. ತಿಂಗಳಿಗೆ 600 ಹೋಗ್ತಿದ್ದದ್ದು ಈಗ 400. ಉಳಿದ 200 ಸಾಸಿವೆ ಡಬ್ಬಿಗೆ. ಇನ್ನರ್ಧ ಸಾಲ ಹಾಗೇ ಇದೆ. “ಆ ಯಪ್ಪನ ಹತ್ರ ಪೂರ್ತಿ ಕಡಿದುಕೊಳ್ಳೋದು ಬೇಡ ಮೇಡಂ” ಅಂತಾರೆ. ನಾನು ಒತ್ತಾಯ ಮಾಡಿಲ್ಲ.

ಈಗ ಹುಂಡಿ ಕೊಡೋದಿಲ್ಲ, ಮುಚ್ಚಳ ಇರೋ ಯಾವ ಡಬ್ಬಿಯಾದರೂ ಸರಿ. ಒಡೆಯದೆ ಎಣಿಸೋಕೆ ಆಗಬೇಕು, ಚೀಟಿ ಹಾಕೋಕೆ ಜಾಗ ಇರಬೇಕು, ಅಷ್ಟೆ. ಚೀಟಿಯ ವಿಷಯಕ್ಕೆ ಕೆಲವು ಅಪ್ಪಂದಿರು ಮೊದಮೊದಲು ಸಿಟ್ಟಾದರು. “ನಾನು ದುಡಿದು ತಂದ ದುಡ್ಡಿಗೆ ನನ್ನ ಮಗನಿಗೇ ಪತ್ರ ಬರೆದುಕೊಡಬೇಕಾ?” ಅಂತ ಒಬ್ಬರು ಕೇಳಿದರು. ಬರೆದುಕೊಡಿ ಅಂದೆ. ಮುಂದಿನ ಶುಕ್ರವಾರ ಆ ಹುಡುಗ ಚೀಟಿ ತಂದು ತೋರಿಸಿದ. ‘ಅಪ್ಪ, 50, ಸೋಮವಾರ.’ ಸೋಮವಾರ ಬರಲಿಲ್ಲವಂತೆ, ಬುಧವಾರ ಬಂತಂತೆ.

ನಮ್ಮನೆಯ ಡಬ್ಬಿಯಲ್ಲೂ ಈಗ ಒಂದು ಚೀಟಿ ಇದೆ. ಹೋದ ವಾರ ಆಟೋಗೆ 200 ತಗೊಂಡಿದ್ದೆ. ನಾನು ಬರೆದದ್ದರ ಕೆಳಗೆ ಮಗಳು ಕೆಂಪು ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದಾಳೆ: ‘ಭಾನುವಾರ ದಾಟಿದರೆ ನೂರಕ್ಕೆ ಮೂರು ರೂಪಾಯಿ.’