ಊರ ಶಾಲೆ ವಿಲೀನದ ಮಾತು ಬಂದಾಗ ಪೋಷಕರು ಮಾಡಬೇಕಾದ್ದು

ಊರ ಶಾಲೆಯನ್ನು ದೂರದ ಶಾಲೆಯೊಂದಿಗೆ ಸೇರಿಸುವ ಮಾತು ಬಂದರೆ ದಾರಿಯ ಬಗ್ಗೆ ಮಾತಾಡಿ, ಪಠ್ಯಕ್ರಮದ ಬಗ್ಗೆ ಅಲ್ಲ. ಪಠ್ಯಕ್ರಮ ನಿರ್ಧರಿಸುವುದು ಸರ್ಕಾರದ ತಜ್ಞರು. ಅಲ್ಲಿ ವಾದಿಸಿ ದಣಿಯಬೇಡಿ. ಮಗು ನಡೆಯುವ ದಾರಿ ಮಾತ್ರ ಅವರಿಗಿಂತ ನಿಮಗೇ ಚೆನ್ನಾಗಿ ಗೊತ್ತು. ಐದನೇ ತರಗತಿವರೆಗೆ 1 ಕಿ.ಮೀ. ಒಳಗೆ ಶಾಲೆ ಇರಬೇಕೆಂಬುದು ಸಾಮಾನ್ಯ ನಿಯಮ. ಮಲೆನಾಡಿನ ತೀರ್ಥಹಳ್ಳಿ, ಹೊಸನಗರದ ಕಡೆ ನಕ್ಷೆಯ ನೇರ ಗೆರೆಯನ್ನು ನಂಬಬಾರದು: ಗುಡ್ಡ ಸುತ್ತಿ, ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಿ ಹೋಗಬೇಕು. ಮನೆಯಂಗಳದಿಂದ ನಡೆದೇ ಅಳೆಯಿರಿ. ಜುಲೈ ಮಳೆಗೆ ಹಳ್ಳದ ನೀರು ಸಂಕಕ್ಕೆ ಹಾಸಿದ ಅಡಿಕೆ ಮರದ ಸೀಳು ಮುಟ್ಟಿದಾಗ ದಿನಾಂಕ ಕಾಣುವಂತೆ ಫೋಟೊ ತೆಗೆದಿಡಿ.

ಆಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಅಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಬಾಯಿಮಾತಿನ ಆಕ್ಷೇಪ ಕಡತ ಸೇರುವುದಿಲ್ಲ. ನಡಾವಳಿ ಪುಸ್ತಕದಲ್ಲಿ ಠರಾವು ಬರೆಸಿ, ಸಹಿ ಹಾಕಿಸಿ, ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಮೊಹರಿನ ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, ಅವರು ಉತ್ತರಿಸಲು ಗಡುವು 30 ದಿನ.