ಅಲ್ಝೈಮರ್ ಇರುವವರ ಮಾತ್ರೆ ಡಬ್ಬಿಯನ್ನು ಪರಿಶೀಲಿಸುವ ಬಗೆ

ಮನೆಯಲ್ಲಿ ಅಲ್ಝೈಮರ್ ಇರುವ ಹಿರಿಯರಿಗೆ ವೈದ್ಯರು ಡೊನೆಪೆಜಿಲ್ ಎಂಬ ನೆನಪಿನ ಮಾತ್ರೆ ಬರೆದುಕೊಟ್ಟಿದ್ದರೆ, ಅದೇ ಡಬ್ಬಿಯಲ್ಲಿರುವ ಬೇರೆ ಯಾವುದಾದರೂ ಮಾತ್ರೆ ಅದರ ಕೆಲಸವನ್ನು ಕೆಡಿಸುತ್ತಿದೆಯೇ ಎಂದು ಮೊದಲು ನೋಡಿ. ಇದು ಏಕೆ ಮುಖ್ಯ ಎಂಬುದಕ್ಕೆ ಮಿದುಳಿನೊಳಗೆ ಆಗಿರುವುದನ್ನು ಸ್ವಲ್ಪ ತಿಳಿಯಬೇಕು.

ಮಿದುಳಿನ ಮುಂಭಾಗದ ತಳದಲ್ಲಿ ನ್ಯೂಕ್ಲಿಯಸ್ ಬೇಸಾಲಿಸ್ ಎಂಬ ನರಕೋಶಗಳ ಗುಂಪಿದೆ. ಗಮನಕ್ಕೂ ನೆನಪಿಗೂ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಮಿದುಳಿನ ಹೊರಪದರಕ್ಕೆ ಮುಖ್ಯವಾಗಿ ಇಲ್ಲಿಂದಲೇ ಹೋಗುತ್ತದೆ. ಅಲ್ಝೈಮರ್‌ನಲ್ಲಿ ಈ ಕೋಶಗಳು ಭಾರಿ ಪ್ರಮಾಣದಲ್ಲಿ ನಾಶವಾಗುತ್ತವೆ ಎಂಬುದು 1980ರ ದಶಕದ ಆರಂಭದಲ್ಲಿ ಸ್ಪಷ್ಟವಾಯಿತು. ಆ ರಾಸಾಯನಿಕವನ್ನು ಹಿಡಿದುಕೊಳ್ಳುವ ಗ್ರಾಹಕಗಳಲ್ಲಿ ನಿಕೋಟಿನಿಕ್ ಬಗೆಯವು ಕಡಿಮೆಯಾಗುತ್ತವೆ. ಮಸ್ಕರಿನಿಕ್ ಬಗೆಯ ಎಂ1 ಗ್ರಾಹಕಗಳು ಬಹುಮಟ್ಟಿಗೆ ಉಳಿದಿರುತ್ತವೆ. ಡೊನೆಪೆಜಿಲ್ ಸತ್ತ ಕೋಶಗಳನ್ನು ಮರಳಿಸುವುದಿಲ್ಲ. ಅಳಿದುಳಿದ ಅಸಿಟೈಲ್‌ಕೋಲಿನ್ ಬೇಗ ಒಡೆದುಹೋಗದಂತೆ ತಡೆದು, ಉಳಿದ ಗ್ರಾಹಕಗಳಿಗೆ ಅದು ಹೆಚ್ಚು ಹೊತ್ತು ಸಿಗುವಂತೆ ಮಾಡುತ್ತದೆ.

ಈಗ ಅಜ್ಜಿಗೆ ನೆಗಡಿಯೆಂದು ಮೆಡಿಕಲ್ ಶಾಪಿನಿಂದ ತಂದ ಮಾತ್ರೆಯ ಶೀಟನ್ನು ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಪ್ಯಾರಾಸಿಟಮಾಲ್ ಪಕ್ಕದಲ್ಲಿ ಕ್ಲೋರ್‌ಫೆನಿರಮಿನ್ ಎಂದಿದ್ದರೆ ಅಲ್ಲೇ ನಿಲ್ಲಿ: ಅದು ಮಸ್ಕರಿನಿಕ್ ಗ್ರಾಹಕಗಳನ್ನೇ ಮುಚ್ಚುತ್ತದೆ, ಅಂದರೆ ಡೊನೆಪೆಜಿಲ್ ಯಾವ ಬಾಗಿಲಿಗಾಗಿ ಕಷ್ಟಪಡುತ್ತಿದೆಯೋ ಆ ಬಾಗಿಲಿಗೇ ಅಗುಳಿ ಹಾಕುತ್ತದೆ. ನಿದ್ರೆಗೋ ನರನೋವಿಗೋ ಕೊಟ್ಟ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್, ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಇವೂ ಅದೇ ಜಾತಿಯವು. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ಒಂದೆರಡು ದಿನಗಳಲ್ಲೇ ಗೊಂದಲ ಹೆಚ್ಚುವುದು ಇವುಗಳ ಗುರುತು. ಇಂಥ ಗೊಂದಲವನ್ನು ಕಾಯಿಲೆಯೇ ಮುಂದುವರಿಯಿತೆಂದು ಒಪ್ಪಿಕೊಂಡು ಸುಮ್ಮನಾಗುವ ಮನೆಗಳನ್ನು ನೆನೆದರೆ ಸಂಕಟವಾಗುತ್ತದೆ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಬದಲಿ ಔಷಧಿ ಇದೆಯೇ ಎಂದು ಅವರನ್ನೇ ಕೇಳಿ.

ಅಲ್ಝೈಮರ್‌ಗೆ ಕೊಡುವ ಇನ್ನೊಂದು ಔಷಧಿಯಾದ ಮೆಮಾಂಟಿನ್‌ನ ದಾರಿ ಬೇರೆ. ಗ್ಲುಟಮೇಟ್ ಎಂಬ ಮಿದುಳಿನ ಮತ್ತೊಂದು ರಾಸಾಯನಿಕದಿಂದ ಅದರ ಎನ್‌ಎಂಡಿಎ ಗ್ರಾಹಕಗಳು ಅತಿಯಾಗಿ ಕೆರಳದಂತೆ ಅದು ನೋಡಿಕೊಳ್ಳುತ್ತದೆ. ಕಾಯಿಲೆ ಮಧ್ಯಮ ಹಂತಕ್ಕೆ ಬಂದ ಮೇಲೆ ಕೊಡುವುದು ರೂಢಿ.

ಡೊನೆಪೆಜಿಲ್ ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಆರಂಭವಾಗಿ, ನಾಲ್ಕರಿಂದ ಆರು ವಾರಗಳ ಬಳಿಕ 10ಕ್ಕೆ ಏರುತ್ತದೆ. ರಾತ್ರಿ ಕೊಟ್ಟಾಗ ಕೆಟ್ಟ ಕನಸು ಬೀಳುತ್ತಿದ್ದರೆ ಬೆಳಿಗ್ಗೆ ಕೊಡಬಹುದೇ ಎಂದು ವೈದ್ಯರನ್ನು ವಿಚಾರಿಸಿ. ನಾಡಿ ತೀರಾ ನಿಧಾನವಾದರೆ ಅಥವಾ ತಲೆಸುತ್ತಿ ಬಿದ್ದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ಚೀಟಿಯೊಂದನ್ನೇ ಅಲ್ಲ, ಕೆಮ್ಮಿನ ಸಿರಪ್ಪೂ ಸೇರಿದಂತೆ ಇಡೀ ಡಬ್ಬಿಯನ್ನು ಜೊತೆಗೆ ಒಯ್ಯಿರಿ.